ತಲೆಗೆ ಬಿಸಿಲು, ಬುಡಕ್ಕೆ ತಂಪು

ಕಳೆದ ವಾರ ಈ ಅಂಕಣದಲ್ಲಿ ನೆರಳಿನಲ್ಲಿ ಬದುಕುವ ಗಿಡಗಳ ವಿಚಾರವಾಗಿ ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನು ಓದಿದ ವಾಚಕಿಯೊಬ್ಬರು ಒಂದು ಕಾಗದ ಬರೆದಿದ್ದಾರೆ. ಅವರ ಮನೆಯ ಹಜಾರದಲ್ಲಿ, ಸೋಫಾದ ಪಕ್ಕದಲ್ಲಿ, ಒಂದು ಪೈನ್ ಸಸಿ ಇದೆಯಂತೆ. ಆರು ತಿಂಗಳು ಹಚ್ಚಗೆ ಇದ್ದು, ಈಗ ಇದ್ದಕ್ಕಿದ್ದಂತೆ ಕೆಳಗಿನಿಂದ ಒಣಗುತ್ತ ಬರುತ್ತಿದೆಯಂತೆ. ದಿನಕ್ಕೆ ಎಷ್ಟು ಲೋಟ ನೀರು ಹಾಕಿದರೆ ಸರಿಹೋದೀತು ಎಂಬುದು ಅವರ ಪ್ರಶ್ನೆ.

ಆ ಸಸಿಯ ಕಾಯಿಲೆ ನೀರಿನದಲ್ಲ, ಅದು ಹಸಿದಿದೆ. ಆರು ತಿಂಗಳಿನಿಂದ ಅದಕ್ಕೆ ಊಟವಿಲ್ಲ. ಗಿಡವನ್ನು ಕಣ್ಣಿನಿಂದ ನೋಡದೆ ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣವಿದೆ. ಇದೇ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೇನೆ. ಅದೂ ನನ್ನ ಗಿಡದ ಮೇಲಲ್ಲ, ಪರರ ಗಿಡದ ಮೇಲೆ.

ಬೆಂಗಳೂರಿನಲ್ಲಿ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ವೃದ್ಧೆ ಇದ್ದಾರೆ. ಬೀದಿಗೆಲ್ಲ ಅವರು ಅಜ್ಜಿ. ಅವರ ಕಿರಿಯ ಮಗನಿಗೆ ಸೈನ್ಯದಲ್ಲಿ ಕೆಲಸ. ಐದು ವರ್ಷಗಳ ಹಿಂದೆ ಆತ ಕುಮಾವೂನಿನ ರಾಣಿಖೇತದಲ್ಲಿದ್ದಾಗ, ರಜೆಯ ಮೇಲೆ ಊರಿಗೆ ಬರುತ್ತ, ಅಲ್ಲಿಯ ನರ್ಸರಿಯೊಂದರಲ್ಲಿ ಗೇಣುದ್ದದ ಚೀಡ್ ಪೈನ್ ಸಸಿಯೊಂದನ್ನು ಕೊಂಡು, ಎರಡು ರೈಲು ಬದಲಾಯಿಸಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದು ತಾಯಿಯ ಕೈಗೆ ಕೊಟ್ಟ. ಮೂರು ವಾರ ಇದ್ದು ಹೊರಟುಹೋದ. ಅವನು ಹೋದ ಮರುದಿನವೇ ಅಜ್ಜಿ ನನ್ನನ್ನು ಕರೆಸಿದರು. "ಪತ್ರಿಕೆಯಲ್ಲಿ ಗಿಡಗಳ ವಿಷಯ ಬರೆಯುತ್ತೀಯಲ್ಲ, ಇದನ್ನು ಎಲ್ಲಿಡಲಿ ಹೇಳು" ಎಂದರು.

ನಾನು ಗಂಭೀರವಾಗಿ ಯೋಚಿಸಿದೆ. ಹಿಮಾಲಯದ ಗಿಡ, ಚಳಿಯ ಸೀಮೆಯದು, ನಮ್ಮ ಬಿಸಿಲು ಅದಕ್ಕೆ ತಾಳದು. ಉತ್ತರದ ಕಡೆಯ ಜಗುಲಿಯ ಒಳಮೂಲೆ ತಂಪಾಗಿದೆ, ಅಲ್ಲಿಯೇ ಇರಲಿ ಎಂದು ಅಪ್ಪಣೆ ಕೊಟ್ಟೆ. ಅಜ್ಜಿಗೂ ಸಂತೋಷವಾಯಿತು. ಜಗುಲಿಯಲ್ಲಿ ಅವರು ಕೂರುವ ಕುರ್ಚಿಗೆ ಆ ಮೂಲೆ ಎರಡೇ ಮಾರು.

ಒಂಬತ್ತು ತಿಂಗಳಿಗೆ ಸಸಿ ಎರಡು ಗೇಣಾಯಿತು. ಆದರೆ ಅದೆಂಥ ಬೆಳವಣಿಗೆ! ಕಾಂಡ ಹುರಿಯಂತೆ ಸಣ್ಣಗೆ, ಬೀದಿಯ ಬೆಳಕಿನ ಕಡೆಗೆ ಬಾಗಿಕೊಂಡಿತ್ತು. ಹೊಸ ಸೂಜಿಗಳು ಬಿಳಿಚಿ ಜೋತುಬಿದ್ದಿದ್ದವು. ಬುಡದಿಂದ ಅರ್ಧದವರೆಗೆ ಬೋಳು. ಅಜ್ಜಿ ನನ್ನನ್ನು ಒಂದು ಮಾತೂ ಆಡಲಿಲ್ಲ. "ಅದಕ್ಕೆ ನಮ್ಮೂರು ಹಿಡಿಸಲಿಲ್ಲವೇನೋ, ಪಾಪ" ಎಂದಷ್ಟೇ ಹೇಳಿದರು. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ತಪ್ಪು ಎಲ್ಲಿ ಆಯಿತು? ಬೆಟ್ಟದ ಮರವೆಂದರೆ ತಂಪು, ತಂಪೆಂದರೆ ನೆರಳು ಎಂದು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದೆ, ಅಲ್ಲಿಯೇ ಎಡವಿದ್ದು. ಬೆಟ್ಟದಲ್ಲಿ ಗಾಳಿ ತಣ್ಣಗಿರಬಹುದು, ಬಿಸಿಲು ಮಾತ್ರ ಬಡವಾಗಿರುವುದಿಲ್ಲ. ಕಾಠಗೋದಾಮಿನಿಂದ ಮೇಲಕ್ಕೆ ಬಸ್ಸಿನಲ್ಲಿ ಹೋದವರು ಇದನ್ನು ತಾವೇ ಕಂಡಿರುತ್ತಾರೆ. ಅಲ್ಲಿ ಒಂದೇ ಎತ್ತರದ ಎರಡು ಇಳಿಜಾರುಗಳಲ್ಲಿ ಎರಡು ಬಗೆಯ ಕಾಡು. ದಕ್ಷಿಣಕ್ಕೆ ಮುಖಮಾಡಿ ಬಿಸಿಲಿಗೆ ಬೆನ್ನು ಕಾಯಿಸುವ ಒಣ ಇಳಿಜಾರಿನಲ್ಲಿ ಚೀಡ್ ಮರಗಳ ಸಾಲು. ಉತ್ತರಕ್ಕೆ ಮುಖಮಾಡಿದ ತೇವದ ಮಗ್ಗುಲಿನಲ್ಲಿ ಬಾಂಜ್ ಎಂಬ ಓಕ್ ಮರಗಳ ದಟ್ಟಣೆ. ರಾಣಿಖೇತ ಸುಮಾರು ೨೯.೬ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ವರ್ಷದ ಯಾವ ದಿನವೂ ನಡುಹಗಲಿನ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗುವುದಿಲ್ಲ. ಆದುದರಿಂದ ದಕ್ಷಿಣದ ಇಳಿಜಾರಿಗೆ ಸದಾ ಬಿಸಿಲಿನ ಪಾಲು ಹೆಚ್ಚು. ಚೀಡ್ ಆರಿಸಿಕೊಂಡಿರುವುದು ಆ ಮಗ್ಗುಲನ್ನು.

ನಮ್ಮ ಹಿರಿಯರು ಈ ಮರವನ್ನು 'ಸರಲ'ವೆಂದು ಕರೆದರು, ನೆಟ್ಟಗಿರುವುದೆಂದು ಅರ್ಥ. ಕುಮಾರಸಂಭವದ ಮೊದಲ ಸರ್ಗದಲ್ಲಿ ಹಿಮವಂತನನ್ನು ವರ್ಣಿಸುವಾಗ, ಆನೆಗಳು ಕಪೋಲದ ನವೆ ತೀರಿಸಿಕೊಳ್ಳಲು ಸರಲವೃಕ್ಷಗಳಿಗೆ ಉಜ್ಜಿದ್ದರಿಂದ ಹಾಲು ಸುರಿದು ತಪ್ಪಲೆಲ್ಲ ಕಂಪಾಗುವುದನ್ನು ಕಾಳಿದಾಸ ಹೇಳಿದ್ದಾನೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಪೈನಸ್ ರಾಕ್ಸ್‌ಬರ್ಗಿಯೈ. ೧೭೯೩ರಿಂದ ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿಯಾಗಿದ್ದ ವಿಲಿಯಂ ರಾಕ್ಸ್‌ಬರ್ಗನ ನೆನಪಿಗೆ ಬಂದ ಹೆಸರು. ಆನೆ ಮೈಯುಜ್ಜುವ ಮರ ಅದು. ನಾನು ಅದನ್ನು ಜಗುಲಿಯ ಮೂಲೆಯಲ್ಲಿ, ಚಪ್ಪಲಿಗಳ ಪಕ್ಕದಲ್ಲಿ ಕೂರಿಸಿದ್ದೆ.

ಅರಣ್ಯಶಾಸ್ತ್ರದವರು ಮರಗಳನ್ನು ನೆರಳು ಸಹಿಸುವವು, ಬೆಳಕು ಬೇಡುವವು ಎಂದು ವಿಂಗಡಿಸುತ್ತಾರೆ. ಹಿಮಾಲಯದ ಮೇಲ್ಮಟ್ಟದಲ್ಲಿ ಬೆಳೆಯುವ ಫರ್ ಮರದ ಸಸಿ ದೊಡ್ಡ ಮರಗಳ ಕತ್ತಲೆಯಲ್ಲಿ ವರ್ಷಗಟ್ಟಲೆ ತಾಳ್ಮೆಯಿಂದ ಕಾದಿರಬಲ್ಲುದು. ಚೀಡ್ ಸಸಿಗೆ ಆ ಗುಣವಿಲ್ಲ; ತನ್ನ ತಾಯಿಮರದ ದಟ್ಟ ನೆರಳಿನಲ್ಲಿಯೂ ಅದು ಏಳಲಾರದು. ಆದ್ದರಿಂದಲೇ ಚೀಡ್ ಕಾಡನ್ನು ಹೊಸದಾಗಿ ಬೆಳೆಸಬೇಕೆನ್ನುವವರು ಬೀಜಕ್ಕಾಗಿ ಅಲ್ಲೊಂದು ಇಲ್ಲೊಂದು ಮರವನ್ನು ಬಿಟ್ಟು ಉಳಿದ ನೆಲಕ್ಕೆಲ್ಲ ಬೆಳಕು ಬೀಳುವಂತೆ ಮಾಡುವ ಪದ್ಧತಿ. ಬೇಸಗೆಯಲ್ಲಿ ಕಾಯಿ ಬಿರಿದು, ರೆಕ್ಕೆಯುಳ್ಳ ಬೀಜ ಗಾಳಿಯಲ್ಲಿ ತೇಲಿ, ಬಯಲು ನೆಲದಲ್ಲಿ ಬಿದ್ದು ಮುಂಗಾರಿಗೆ ಮೊಳೆಯುವುದು. ಈ ಗುಣದಿಂದ ಆ ಸೀಮೆಯ ಹೆಂಗಸರಿಗೆ ಕಷ್ಟವೂ ಬಂದಿದೆಯೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಸೌದೆಗೂ ಮೇವಿಗೂ ಬಾಂಜ್ ಮರಗಳನ್ನು ಸವರಿ ಸವರಿ ಕಾಡು ತೆರವಾದಲ್ಲೆಲ್ಲ ಬೆಳಕು ಹೊಕ್ಕು, ಬೆಳಕಿನ ಹಿಂದೆಯೇ ಚೀಡ್ ಹೊಕ್ಕಿತು. ಅದರ ಸೂಜಿಯನ್ನು ದನ ತಿನ್ನುವುದಿಲ್ಲ. ಬೇಸಗೆಯಲ್ಲಿ ನೆಲದ ಮೇಲೆ ಉದುರಿ ಬಿದ್ದ ಸೂಜಿಗಳಿಗೆ ಒಂದು ಕಿಡಿ ಸಾಕು.

ಅದು ಹಾಗಿರಲಿ. ನೆರಳಿನಲ್ಲಿಟ್ಟ ಪೈನ್ ಸಸಿ ಆರು ತಿಂಗಳು ಹಸುರಾಗಿಯೇ ಇದ್ದು ನಮ್ಮನ್ನು ಹೇಗೆ ಮೋಸಗೊಳಿಸುತ್ತದೆ? ಸಂಸಾರಸ್ಥರಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದಾದರೆ, ಗಿಡವೂ ಒಂದು ಮನೆವಾರ್ತೆ. ಎಲೆಗಳು ಬೆಳಕಿನಲ್ಲಿ ಸಕ್ಕರೆಯನ್ನು ತಯಾರಿಸುವುದು ಅದರ ಸಂಪಾದನೆ. ಬೇರು, ಕಾಂಡ, ಎಲೆಗಳೆಲ್ಲ ಹಗಲಿರುಳೂ ಉಸಿರಾಡುತ್ತ ಆ ಸಕ್ಕರೆಯನ್ನು ಉರಿಸುವುದು ಖರ್ಚು. ಬೆಳಕು ಕಡಮೆಯಾದಂತೆ ಸಂಪಾದನೆ ಇಳಿಯುವುದು. ಖರ್ಚು ಅದೇ ಪ್ರಮಾಣದಲ್ಲಿ ಇಳಿಯದು. ಜಮೆಯೂ ಖರ್ಚೂ ಸರಿಸಮವಾಗುವ ಬೆಳಕಿನ ಮಟ್ಟವೊಂದು ಪ್ರತಿಯೊಂದು ಗಿಡಕ್ಕೂ ಇದೆ. ಅದಕ್ಕಿಂತ ಕೆಳಗಿಳಿದರೆ ಗಿಡ ಗಂಟು ಕರಗಿಸಿಕೊಂಡು ಬದುಕಬೇಕು. ನೆರಳಿನ ಗಿಡಗಳು ಅಗಲವಾದ ತೆಳು ಎಲೆಯವು, ಅಲ್ಪಸಂತುಷ್ಟ ಜೀವಿಗಳು. ಸ್ವಲ್ಪ ಬೆಳಕಿನಲ್ಲಿಯೇ ಅವುಗಳ ಸಂಸಾರ ತೂಗುವುದು. ಪೈನ್ ಹಾಗಲ್ಲ. ಅದರ ಸೂಜಿಗಳು ಗೊಂಚಲು ಗೊಂಚಲಾಗಿದ್ದು ಒಂದರ ಮೇಲೊಂದು ನೆರಳು ಹಾಕಿಕೊಳ್ಳುತ್ತವೆ. ಒಳಗಿನ ಸೂಜಿಯವರೆಗೆ ಬೆಳಕು ಮುಟ್ಟಬೇಕಾದರೆ ಹೊರಗೆ ತುಂಬು ಬಿಸಿಲೇ ಇರಬೇಕು.

ಮೆತುವಾದ ಎಲೆಯ ಗಿಡವಾದರೆ ಹಸಿವಾದೊಡನೆ ತಲೆ ಬಾಗಿಸಿ ಹೇಳಿಕೊಳ್ಳುವುದು. ಪೈನ್ ಸೂಜಿ ಗಡುಸು; ಮೇಲೆ ಮೇಣದ ಲೇಪ; ಒಳಗೆ ಒಂದಷ್ಟು ಕೂಡಿಟ್ಟ ಆಹಾರ. ಕಡಿದು ತಂದ ಪೈನ್ ಕೊಂಬೆಯೇ ವಾರಗಟ್ಟಲೆ ಹಸುರಾಗಿರುವುದನ್ನು ಕ್ರಿಸ್‌ಮಸ್ ಹಬ್ಬದಲ್ಲಿ ನೋಡಿದ್ದೀರಿ. ಗೌರವಸ್ಥ ಮನೆತನದವರಂತೆ ಅದು ಒಳಗಿನ ಬಡತನವನ್ನು ಬಾಗಿಲಾಚೆಗೆ ಬಿಡುವುದಿಲ್ಲ. ಬಿಟ್ಟಿತೆಂದರೆ ಕೈಮೀರಿತೆಂದೇ ಅರ್ಥ. ಆಮೇಲೆ ನಾವು ಮಾಡುವುದೇನು? ಇನ್ನೊಂದು ಚೆಂಬು ನೀರು! ಹಸಿದ ಬೇರಿಗೆ ಉಸಿರೂ ಕಟ್ಟುವುದು.

"ನಮ್ಮ ಹಜಾರದಲ್ಲಿ ಬೇಕಾದಷ್ಟು ಬೆಳಕಿದೆ" ಎಂದು ಕಾಗದ ಬರೆದವರು ಒಂದು ಮಾತು ಸೇರಿಸಿದ್ದಾರೆ. ಪೇಪರು ಓದುವುದಕ್ಕೆ ಬೇಕಾದಷ್ಟು ಇರಬಹುದು, ಒಪ್ಪಿದೆ. ನಮ್ಮ ಕಣ್ಣು ಬಹು ಉದಾರಿ. ಪಾಪೆಯನ್ನು ಹಿಗ್ಗಿಸಿಕೊಂಡು ಕಡಮೆಯನ್ನೂ ಹೆಚ್ಚೆಂದು ತಿಳಿಯುವುದು. ಅಳೆದು ನೋಡಿದರೆ ನಿಜ ಹೊರಬೀಳುತ್ತದೆ. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ನಡುಹಗಲಿನ ತೆರೆದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಸಾಧಾರಣ ಕೋಣೆಯ ನಡುವೆ ಅದು ಕೆಲವು ನೂರು ಲಕ್ಸ್ ಮಾತ್ರ. ಒಂದು ಲಕ್ಷ ರೂಪಾಯಿ ಸಂಬಳದವನಿಗೆ ಮುನ್ನೂರು ರೂಪಾಯಿ ಕೊಟ್ಟು ಸಂಸಾರ ಮಾಡೆಂದಂತೆ. ಪೈನ್ ಸಸಿಗೆ ದಿನಕ್ಕೆ ಕಡೆಯಪಕ್ಷ ಆರು ಗಂಟೆ ನೇರವಾದ ಬಿಸಿಲು ಬೇಕು. ಗಾಜಿನ ಕಿಟಕಿಯ ಬಳಿ ಇಡುವುದು ಇದಕ್ಕೆ ಬದಲಾಗದು.

ಇಲ್ಲಿ ಒಂದು ಹೆಸರಿನ ಗೊಂದಲವನ್ನು ಬಿಡಿಸಬೇಕು. ನಮ್ಮ ಊರುಗಳ ನರ್ಸರಿಗಳಲ್ಲಿ 'ಕ್ರಿಸ್‌ಮಸ್ ಮರ' ಎಂದೂ ಒಮ್ಮೊಮ್ಮೆ 'ಪೈನ್' ಎಂದೂ ಮಾರುವ, ಅಂತಸ್ತು ಅಂತಸ್ತಾಗಿ ಕೊಡೆ ಬಿಡಿಸಿದಂತಿರುವ ಗಿಡ ಪೈನ್ ಅಲ್ಲವೇ ಅಲ್ಲ. ಅದು ಅರೌಕೇರಿಯ. ಅದರಲ್ಲಿ ಒಂದು ಜಾತಿ ಶಾಂತಸಾಗರದ ನಾರ್‌ಫೋಕ್ ದ್ವೀಪದ್ದು, ಇನ್ನೊಂದು ನ್ಯೂ ಕ್ಯಾಲಿಡೋನಿಯದ್ದು. ೧೭೭೪ರಲ್ಲಿ ಎರಡೂ ಕಡೆ ಹಡಗು ನಿಲ್ಲಿಸಿದ ಕ್ಯಾಪ್ಟನ್ ಕುಕ್, ಈ ನೆಟ್ಟನೆಯ ಮರಗಳನ್ನು ನೋಡಿ ಹಡಗಿನ ಕಂಬಕ್ಕೆ ಆದೀತೆಂದು ಆಸೆಪಟ್ಟನು. ನಿಮ್ಮಲ್ಲಿರುವುದು ಯಾವುದೆಂದು ತಿಳಿಯಲು ಒಂದು ಎಲೆಯನ್ನು ಕಿತ್ತು ನೋಡಿ. ಪೈನ್ ಸೂಜಿಗಳು ಬುಡದಲ್ಲಿ ಒಟ್ಟಿಗೆ ಕಟ್ಟಿದ ಕಂತೆಯಾಗಿ ಬರುತ್ತವೆ. ಚೀಡಿನಲ್ಲಿ ಕಂತೆಗೆ ಮೂರು, ಒಂದೊಂದೂ ಗೇಣಿಗಿಂತ ಉದ್ದ. ತೀರ ಎಳೆಯ ಸಸಿಯಲ್ಲಿ ಮಾತ್ರ ನೀಲಿಛಾಯೆಯ ಬಿಡಿ ಸೂಜಿಗಳಿರುವುವು. ಅರೌಕೇರಿಯದ ಎಲೆ ಗಿಡ್ಡ. ಕಂತೆಯಿಲ್ಲದೆ ಕಡ್ಡಿಯ ಸುತ್ತಲೂ ಒಂದೊಂದಾಗಿ ಕೂತಿರುವುದು. ಈ ಅರೌಕೇರಿಯ ಎಳೆಯದಾಗಿದ್ದಾಗ ಬೆಳಕು ಚೆನ್ನಾಗಿರುವ ಜಗುಲಿಯಲ್ಲಿ ಕೆಲವು ಕಾಲ ಬದುಕಬಲ್ಲುದು. ಅದನ್ನು ನೋಡಿಯೇ ಜನ ಪೈನನ್ನೂ ಮನೆಯೊಳಕ್ಕೆ ತರುವರೆಂದು ನನ್ನ ಗುಮಾನಿ.

ಹಾಗೆಂದು ಅರೌಕೇರಿಯಕ್ಕೂ ಬಿಸಿಲಿನ ಮೇಲೆ ಆಸೆ ಕಡಮೆಯೆಂದುಕೊಳ್ಳಬೇಡಿ. ಕುಕ್ಕನ ಹೆಸರಿನಿಂದಲೇ ಕರೆಯುವ ನ್ಯೂ ಕ್ಯಾಲಿಡೋನಿಯದ ಜಾತಿಯ ೨೫೬ ಮರಗಳನ್ನು ಐದು ಖಂಡಗಳಲ್ಲಿ ಅಳೆದು ನೋಡಿದ ವಿಜ್ಞಾನಿಗಳು ೨೦೧೭ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು. ಈ ಮರಗಳು ಸರಾಸರಿ ಎಂಟು ಡಿಗ್ರಿಗಿಂತ ಹೆಚ್ಚು ವಾಲಿರುತ್ತವೆ. ಭೂಮಧ್ಯರೇಖೆಯ ಉತ್ತರಕ್ಕಿರುವವು ದಕ್ಷಿಣಕ್ಕೆ, ದಕ್ಷಿಣಕ್ಕಿರುವವು ಉತ್ತರಕ್ಕೆ. ರೇಖೆಯಿಂದ ದೂರ ಹೋದಷ್ಟೂ ವಾಲುವಿಕೆ ಹೆಚ್ಚು. ಬಿಸಿಲಿನ ಕಡೆಗೆ ಮೈ ಚಾಚುವ ಅಭ್ಯಾಸವೇ ಇದಕ್ಕೆ ಕಾರಣವಿರಬಹುದೆಂದು ಊಹೆ. ನಮ್ಮ ಲಾಲ್‌ಬಾಗಿನಲ್ಲಿಯೂ ಅರೌಕೇರಿಯಗಳಿವೆ. ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋದಾಗ, ಅವು ಯಾವ ದಿಕ್ಕಿಗೆ ಓರೆಯಾಗಿವೆಯೆಂದು ಅವರನ್ನೇ ಪತ್ತೆಮಾಡಲು ಬಿಡಿ. ಕಡಲೆಕಾಯಿ ಮುಗಿಯುವವರೆಗಾದರೂ ಗಲಾಟೆಯಿರುವುದಿಲ್ಲ.

ಇನ್ನು ಅಜ್ಜಿಯ ಸಸಿಯ ವಿಚಾರ. ತಪ್ಪನ್ನು ಒಪ್ಪಿಕೊಂಡು, ಅದನ್ನು ಮಹಡಿಯ ಮೇಲಿನ ತಾರಸಿಗೆ ಸಾಗಿಸಬೇಕೆಂದು ಹೇಳಿದೆ. ಆದರೆ ಒಂದೇ ದಿನ ಕತ್ತಲೆಯಿಂದ ಉರಿಬಿಸಿಲಿಗೆ ಎತ್ತಿಟ್ಟಿದ್ದರೆ ಅದು ಎರಡನೆಯ ತಪ್ಪಾಗುತ್ತಿತ್ತು. ನೆರಳಿನಲ್ಲಿ ಹುಟ್ಟಿದ ಸೂಜಿ ನೆರಳಿಗೆ ತಕ್ಕಂತೆಯೇ ಮೃದು. ನೇರ ಬಿಸಿಲಿಗೆ ಸೀದುಹೋಗುವುದು. ಮೊದಲನೆಯ ವಾರ ಬೆಳಗಿನ ಬಿಸಿಲು ಒಂದೆರಡು ಗಂಟೆ, ಎರಡನೆಯ ವಾರ ಹತ್ತೂವರೆಯವರೆಗೆ, ಮೂರನೆಯ ವಾರ ಮಧ್ಯಾಹ್ನದವರೆಗೆ, ಅನಂತರ ಪೂರ್ತಿ. ಮೋಡದ ದಿನಗಳು ನಡುವೆ ಬಂದುದು ನಮಗೆ ಅನುಕೂಲವೇ ಆಯಿತು.

ತಾರಸಿಯೇ ಏಕೆ, ಬಾಲ್ಕನಿ ಸಾಲದೇ ಎಂದು ಫ್ಲ್ಯಾಟುಗಳಲ್ಲಿರುವವರು ಕೇಳುವರು. ಯಾವ ದಿಕ್ಕಿನ ಬಾಲ್ಕನಿ ಎಂಬುದನ್ನು ನೋಡಬೇಕು. ಬೆಂಗಳೂರು ೧೩ ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ ೨೪ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ೧೮ರ ಸುಮಾರಿನವರೆಗೆ ನೆತ್ತಿಯಿಂದ ಉತ್ತರಕ್ಕೇ ಇರುವನು. ದಕ್ಷಿಣದ ಬಾಲ್ಕನಿಗೆ ಡಿಸೆಂಬರಿನಲ್ಲಿ ಒಳ್ಳೆಯ ಬಿಸಿಲು ಓರೆಯಾಗಿ ಒಳಕ್ಕೆ ಬೀಳುವುದು. ಜೂನಿನಲ್ಲಿ ಮೇಲಿನ ಮನೆಯವರ ಚಪ್ಪಡಿಯೇ ಅಡ್ಡವಾಗಿ ನಡುಹಗಲಿನ ಬಿಸಿಲು ಬರುವುದೇ ಇಲ್ಲ. ಉತ್ತರದ ಬಾಲ್ಕನಿಯದು ಇದಕ್ಕೆ ತಿರುಗುಮುರುಗು. ಪೂರ್ವದ್ದಕ್ಕೆ ಅರ್ಧ ದಿನ. ಬಾಲ್ಕನಿಯೇ ಗತಿಯೆನ್ನುವವರು ಋತುವಿಗೆ ತಕ್ಕಂತೆ ಕುಂಡದ ಸ್ಥಳ ಬದಲಾಯಿಸಬೇಕು. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಬೇಕು. ಇಲ್ಲವಾದರೆ ಸಸಿ ಒಂದೇ ಕಡೆಗೆ ಕತ್ತು ಚಾಚುವುದು. ಸಸಿಯ ತುದಿಯೇ ಬೆಳಕನ್ನು ಅರಿತು ಕೆಳಗಿನ ಭಾಗವನ್ನು ಬಾಗಿಸುವುದೆಂಬುದನ್ನು ಚಾರ್ಲ್ಸ್ ಡಾರ್ವಿನ್ ಮುಪ್ಪಿನಲ್ಲಿ ಮಗ ಫ್ರಾನ್ಸಿಸನೊಡನೆ ಹುಲ್ಲಿನ ಮೊಳಕೆಗಳ ಮೇಲೆ ಪ್ರಯೋಗ ಮಾಡಿ ೧೮೮೦ರಲ್ಲಿ ತೋರಿಸಿಕೊಟ್ಟನು.

ತಾರಸಿಯಲ್ಲಿ ಇನ್ನೊಂದು ಅಪಾಯವುಂಟು. ನಮ್ಮ ಬಿಸಿಲು ಮರದ ತಲೆಯನ್ನು ಸುಡುವುದಿಲ್ಲ. ಕುಂಡದ ಗೋಡೆಯನ್ನು ಕಾಯಿಸಿ ಬೇರನ್ನು ಬೇಯಿಸುವುದು. ಬೆಟ್ಟದಲ್ಲಾದರೆ ಬೇರು ನೆಲದ ಆಳದಲ್ಲಿ ತಣ್ಣಗಿರುತ್ತಿತ್ತು. ಆದುದರಿಂದ ನೆರಳು ಕೊಡಬೇಕಾದುದು ಬುಡಕ್ಕೆ. ಮಣ್ಣಿನ ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗಿಟ್ಟು ನಡುವೆ ಮರಳು ತುಂಬಿಸಿದೆವು. ಕೆಳಗೆ ಎರಡು ಇಟ್ಟಿಗೆ, ಸುತ್ತಲೂ ಗೋಣಿಯ ತುಂಡು. ನೀರು ನಿಲ್ಲದಂತೆ ಕೆಮ್ಮಣ್ಣಿಗೆ ದಪ್ಪ ಮರಳು ಬೆರೆಸಿದ್ದಾಯಿತು. ಕುಂಡ ಬದಲಾಯಿಸುವಾಗ ಹಳೆಯ ಮಣ್ಣನ್ನೆಲ್ಲ ತೊಳೆದುಹಾಕಬಾರದು. ಪೈನ್ ಬೇರಿಗೆ ಅಂಟಿಕೊಂಡು ನೀರನ್ನೂ ಸಾರವನ್ನೂ ಒದಗಿಸುವ ಒಂದು ಬಗೆಯ ಶಿಲೀಂಧ್ರ ಆ ಮಣ್ಣಿನಲ್ಲಿರುವುದು. ಅದಿಲ್ಲದೆ ಸಸಿ ಏಳಲಾರದು. ಬೇಸಗೆಯಲ್ಲಿ ಹಳೆಯ ಸೂಜಿಗಳು ಹಳದಿಯಾಗಿ ಉದುರಿದರೆ ಗಾಬರಿ ಬೇಡ. ಅದು ಚೀಡಿನ ಸಹಜ ಪದ್ಧತಿ. ತುದಿಯ ಮೊಗ್ಗು ಗಟ್ಟಿಯಾಗಿದ್ದರೆ ಸಾಕು. ಆದರೆ ನೆರಳಿನಲ್ಲಿ ಬೋಳಾದ ಕೊಂಬೆ ಮತ್ತೆ ಸೂಜಿ ಹೊರುವುದು ಬಹು ಅಪರೂಪ. ಅಜ್ಜಿಯ ಸಸಿಯ ಬುಡ ಇಂದಿಗೂ ಬೋಳಾಗಿಯೇ ಇದೆ. ನನ್ನ ಬುದ್ಧಿವಂತಿಕೆಯ ಗುರುತು.

ಸಸಿಯೇನೋ ಮುಂದಿನ ಮಳೆಗಾಲಕ್ಕೆ ಹೊಸ ಚಿಗುರಿಟ್ಟಿತು. ತೊಂದರೆ ಬಂದುದು ಬೇರೆ ಕಡೆಯಿಂದ. ಅಜ್ಜಿಗೆ ಮಂಡಿನೋವು, ಮಹಡಿಯ ಇಪ್ಪತ್ತೆರಡು ಮೆಟ್ಟಿಲು ಅವರಿಂದಾಗದು. "ಮೇಲೆ ಚೆನ್ನಾಗಿದೆ ಎನ್ನುತ್ತೀರಿ. ನಾನು ನೋಡಿದ ಹಾಗಾಯಿತೇ?" ಎಂದರು. ಮಗ ತೊಡೆಯ ಮೇಲಿಟ್ಟುಕೊಂಡು ತಂದ ಗಿಡ. ಅದು ಕಣ್ಣೆದುರಿಗಿರಲೆಂಬುದು ಅವರ ಆಸೆ. ಬಿಸಿಲಿದ್ದ ಕಡೆ ಅಜ್ಜಿ ಇಲ್ಲ, ಅಜ್ಜಿ ಇದ್ದ ಕಡೆ ಬಿಸಿಲಿಲ್ಲ. ಇದಕ್ಕೆ ಯಾವ ತೋಟಗಾರಿಕೆಯ ಪುಸ್ತಕದಲ್ಲಿ ಉತ್ತರವಿದ್ದೀತು?

ಉತ್ತರ ಸಿಕ್ಕಿದುದು ಜಪಾನಿನವರಿಂದ. ಕುಂಡದಲ್ಲಿ ಪೈನ್ ಬೆಳೆಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ವಾಷಿಂಗ್ಟನ್ ನಗರದ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಅವರ ಬಿಳಿ ಪೈನ್ ಒಂದಿದೆ. ೧೬೨೫ರಿಂದ ಅದನ್ನು ಬೋನ್ಸಾಯ್ ಆಗಿ ಪಳಗಿಸುತ್ತ ಬಂದಿದ್ದಾರೆ. ಹಿರೋಶಿಮಾದ ಯಮಾಕಿ ಮನೆತನದವರ ಆಸ್ತಿ ಅದು. ೧೯೪೫ರ ಆಗಸ್ಟ್ ೬ರಂದು ಅಣುಬಾಂಬು ಬಿದ್ದ ಜಾಗದಿಂದ ಸುಮಾರು ಮೂರು ಕಿಲೋಮೀಟರ್ ದೂರದ ಅವರ ತೋಟದಲ್ಲಿ, ಒಂದು ಗೋಡೆಯ ಮರೆಯಲ್ಲಿದ್ದು ಬದುಕಿ ಉಳಿಯಿತು. ೧೯೭೬ರಲ್ಲಿ ಮಸಾರು ಯಮಾಕಿ ಅದನ್ನು ಅಮೆರಿಕಕ್ಕೆ ಉಡುಗೊರೆಯಾಗಿ ಕೊಟ್ಟರು. ಬಾಂಬಿನಿಂದ ಉಳಿದ ಮರವೆಂಬುದು ಅಲ್ಲಿಯವರಿಗೆ ತಿಳಿದದ್ದು ೨೦೦೧ರಲ್ಲಿ, ಮೊಮ್ಮಕ್ಕಳು ನೋಡಲು ಬಂದಾಗ. ಇಂಥ ಮರಗಳನ್ನು ಜಪಾನಿನವರು ವರ್ಷವಿಡೀ ಹೊರಗೆ ಬಿಸಿಲು ಗಾಳಿಯಲ್ಲಿಯೇ ಇಡುವರು. ಅತಿಥಿಗಳು ಬಂದಾಗ, ಹಬ್ಬಹರಿದಿನಗಳಲ್ಲಿ, ಕೋಣೆಯ ಗೂಡಿನಲ್ಲಿ ಒಂದೆರಡು ದಿನ ಕೂರಿಸಿ, ಮತ್ತೆ ಹೊರಕ್ಕೆ. ಮನೆಮಗಳು ತೌರಿಗೆ ಬಂದುಹೋದಂತೆ.

ಹಾಗೆಯೇ ಮಾಡಿದೆವು. ಪ್ರತಿ ಭಾನುವಾರ ಬೆಳಗ್ಗೆ ಬೀದಿಯ ಹುಡುಗರಿಬ್ಬರು ಕುಂಡವನ್ನು ಕೆಳಕ್ಕೆ ತಂದು ಜಗುಲಿಯಲ್ಲಿಡುವರು; ಸಂಜೆಗೆ ಮತ್ತೆ ಮೇಲಕ್ಕೆ. ಅಜ್ಜಿ ಅದರ ಸೂಜಿಗಳ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುವರು, ಹುಡುಗರಿಗೆ ಕೋಡುಬಳೆ. ಮೂರು ವರ್ಷ ಈ ಏರ್ಪಾಡು ನಡೆಯಿತು. ಈಗ ಮರ ಆಳೆತ್ತರ ಮೀರಿದೆ. ಕುಂಡದ ಬದಲು ಸಿಮೆಂಟಿನ ತೊಟ್ಟಿ. ನಾಲ್ಕು ಜನ ಸೇರಿದರೂ ಅಲುಗದು. ಹುಡುಗರೂ ಕಾಲೇಜಿಗೆ ಸೇರಿದರು. ತೊಟ್ಟಿಯನ್ನು ಕಟ್ಟುವ ಮೊದಲು ಒಂದು ದಿನ ಬೆಳಗ್ಗೆ ನಾನು ಅಂಗಳದಲ್ಲಿ ಅಜ್ಜಿಯ ಕುರ್ಚಿಯಲ್ಲಿ ಕುಳಿತು, ತಾರಸಿಯ ಮೇಲೆ ಕೋಲು ಹಿಡಿದು ನಿಂತಿದ್ದ ಮೇಸ್ತ್ರಿಗೆ ಇನ್ನೂ ಎಡಕ್ಕೆ, ಇನ್ನೂ ಮುಂದಕ್ಕೆ ಎಂದು ಕೂಗಿ ಹೇಳುತ್ತ ಜಾಗ ಗುರುತು ಮಾಡಿಸಿದೆ. ಈಗ ಅದು ಗೇಟಿನ ನೇರಕ್ಕೆ, ತಾರಸಿಯ ಪೂರ್ವದ ಮೂಲೆಯಲ್ಲಿದೆ. ಬೆಳಗಿನ ಕಾಫಿಯ ಹೊತ್ತಿಗೆ ಅಂಗಳದಿಂದ ತಲೆಯೆತ್ತಿದರೆ ಅದರ ಮೇಲಿನ ಎರಡಡಿ ಕಾಣುತ್ತದೆ. ಆ ಹೊತ್ತಿಗೆ ಬಿಸಿಲು ಮೊದಲು ಬೀಳುವುದೂ ಆ ಎರಡಡಿಗೇ.